ಮಳೆಗಾಲ ಕಲಿಸಿದ ಹೆಜ್ಜೆ: ಮಾಟುಂಗಾದ ಎಳೆಯ ಬಾಸ್ಕೆಟ್‌ಬಾಲ್ ತಂಡ

(ದೃಶ್ಯ: ಮುಂಬೈನ ಮಾಟುಂಗಾದ ಕಾಲೇಜೊಂದರ ಅಂಗಳ. ಸಿಮೆಂಟಿನ ಮೇಲೆ ನಿಂತ ನೀರನ್ನು ಇಬ್ಬರು ಹುಡುಗರು ವೈಪರ್‌ನಿಂದ ತಳ್ಳುತ್ತಿದ್ದಾರೆ.)

ನಮಸ್ಕಾರ. ಅಂತರ ಕಾಲೇಜು ಪಂದ್ಯಗಳಿಗೆ ಸಿದ್ಧವಾಗುತ್ತಿರುವ ಈ ತಂಡದ ಹಿರಿಯ ಆಟಗಾರರಲ್ಲಿ ಬಹುತೇಕರು ಪದವಿ ಮುಗಿಸಿ ಹೊರಟುಹೋಗಿದ್ದಾರೆ. ಈಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ವರ್ಷದವರು. ವೇಗಕ್ಕೆ ಕೊರತೆಯಿಲ್ಲ, ಎತ್ತರವೂ ತಕ್ಕಮಟ್ಟಿಗಿದೆ. ಆದರೂ ಈ ಸಲ ಇವರ ಸೋಲು ಗೆಲುವನ್ನು ತೀರ್ಮಾನಿಸುವುದು ಚೆಂಡು ಎಸೆಯುವ ಕೈಯಲ್ಲ, ಫೌಲ್‌ಗಳ ಲೆಕ್ಕ ಎಂಬುದು ನನ್ನ ಅಂದಾಜು.

ಪಂದ್ಯಕ್ಕೆ 10 ನಿಮಿಷಗಳ 4 ಕ್ವಾರ್ಟರ್. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್‌ಗಳು ನಾಲ್ಕಾದ ಮೇಲೆ, ಚೆಂಡು ಎಸೆಯದೆ ಸುಮ್ಮನೆ ಪುಟಿಸುತ್ತಾ ಡ್ರಿಬಲ್ ಮಾಡುತ್ತಿದ್ದವನನ್ನು ತಡೆಯುವಾಗ ಫೌಲ್ ಮಾಡಿದರೂ ಎದುರಾಳಿಗೆ 2 ಫ್ರೀ ಥ್ರೋ, ಅಂದರೆ ಯಾರ ತಡೆಯೂ ಇಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ, ದಕ್ಕುತ್ತವೆ. ಇನ್ನು ಒಬ್ಬನೇ ಆಟಗಾರ 5 ಫೌಲ್ ಮಾಡಿದರೆ ಅವನ ಆಟ ಅಲ್ಲಿಗೇ ಮುಗಿಯಿತು.

(ದೃಶ್ಯ: ಸ್ನೇಹಪಂದ್ಯದ ತುಣುಕು, ನಿಧಾನಗತಿಯಲ್ಲಿ.)

ಇಲ್ಲಿ ಸೆಂಟರ್, ಅಂದರೆ ಬುಟ್ಟಿಯ ಬಳಿ ನಿಲ್ಲುವ ಆಟಗಾರನಾಗಿ, ಆಡುತ್ತಿರುವ ಹುಡುಗನನ್ನು ಗಮನಿಸಿ. ಎದುರಾಳಿ ಎಡಕ್ಕೆ ತಿರುಗಿದ ಕ್ಷಣದಲ್ಲಿ ಇವನ ಪಾದಗಳು ನೆಲಕ್ಕೆ ಅಂಟಿಕೊಂಡಿವೆ, ಕೈ ಮಾತ್ರ ಮುಂದಕ್ಕೆ ಚಾಚಿದೆ. ಮಣಿಕಟ್ಟಿಗೆ ಏಟು ಬಿತ್ತು, ಸೀಟಿ ಊದಿತು. ಇದು ಅವನ ನಾಲ್ಕನೆಯ ಫೌಲ್, ಮೂರನೇ ಕ್ವಾರ್ಟರ್ ಇನ್ನೂ ಅರ್ಧ ಉಳಿದಿತ್ತು. ಅವನನ್ನು ಬೆಂಚಿಗೆ ಕಳಿಸಿದ ಮೇಲೆ ಬುಟ್ಟಿಯ ಕೆಳಗೆ ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದು ಬಂದ ಚೆಂಡು, ಹಿಡಿಯುವವರೇ ಇರಲಿಲ್ಲ. 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಬಾಸ್ಕೆಟ್‌ಬಾಲ್ ಆಟಗಾರ ಅಬ್ಬಾಸ್ ಮುಂತಾಸಿರ್ ಅವರಂಥವರನ್ನು ಕೊಟ್ಟ, ಮುಂಬೈನದೇ ಆದ ನಾಗಪಾಡಾದ ಅಂಗಳಗಳಲ್ಲಿ ಬೆಳೆದ ಹುಡುಗರು ಎದುರಾದರೆ, ಇಂಥ ಚಾಚಿದ ಕೈಗಾಗಿಯೇ ಕಾದಿರುತ್ತಾರೆ.

ಇದಕ್ಕೆ ಮದ್ದು ಸಿಕ್ಕಿದ್ದು ಮಳೆಯಿಂದಲೇ. ಜೂನ್‌ನಿಂದ ಅಂಗಳ ಒದ್ದೆಯಾಗಿ ಎಸೆತದ ಅಭ್ಯಾಸ ನಿಂತಾಗ, ಕೋಚ್ ಹುಡುಗರನ್ನು ಕಾಲೇಜಿನ ಪಡಸಾಲೆಗೆ ಕರೆತಂದು, ಎರಡೂ ಕೈಗಳಲ್ಲಿ ಟವೆಲ್ಲನ್ನು ಬೆನ್ನ ಹಿಂದೆ ಹಿಡಿಸಿ, ಬರೀ ಕಾಲಿನಿಂದ ಎದುರಾಳಿಯನ್ನು ತಡೆಯುವ ಅಭ್ಯಾಸ ಮಾಡಿಸಿದರು. ಗುರಿ ಮೊಂಡಾಗಿದೆ ಎಂದು ಹುಡುಗರು ಗೊಣಗುತ್ತಿದ್ದಾರೆ, ಅದೂ ನಿಜವೇ. ಆದರೆ ಗುರಿ ಕೆಲವು ವಾರಗಳಲ್ಲಿ ಮರಳೀತು, ಹೆಜ್ಜೆ ಅಷ್ಟು ಬೇಗ ಬರುವುದಿಲ್ಲ.

ದಾಳಿಯಲ್ಲಿ ಇವರ ದೋಷ ಆತುರ. ಎಸೆಯಲು 24 ಸೆಕೆಂಡ್ ಇದ್ದರೂ ಮೊದಲ ಪಾಸಿಗೇ ಎಸೆದುಬಿಡುತ್ತಾರೆ. ದಾಳಿಯನ್ನು ನಡೆಸುವ ಪಾಯಿಂಟ್ ಗಾರ್ಡ್ ಮಾತ್ರ ಎರಡನೇ ವರ್ಷದವನು, ಉಡುಪಿ ಕಡೆಯವನು. ‘ತಡಿ, ತಡಿ, ಬಲಕ್ಕೆ ಕೊಡು’ ಎಂದು ಕನ್ನಡದಲ್ಲೇ ಕೂಗಿ ತಡೆಯುತ್ತಾನೆ. ಎದುರಾಳಿಗಳಿಗೆ ಅರ್ಥವಾಗದು ಎಂಬ ಧೈರ್ಯ ಅವನಿಗೆ. ಕನ್ನಡ ಬಲ್ಲವರು ಬಹಳಿರುವ ಮಾಟುಂಗಾದಲ್ಲಿ ಆ ಧೈರ್ಯ ಅಷ್ಟು ಒಳ್ಳೆಯದಲ್ಲ.

ಪ್ರಶಸ್ತಿಯ ಮಾತು ಈ ವರ್ಷ ದೂರವೇ ಎನ್ನಬೇಕು. ಸೆಂಟರ್ ಹುಡುಗ ಕೊನೆಯ ಕ್ವಾರ್ಟರ್‌ವರೆಗೂ ಅಂಗಳದಲ್ಲಿ ಉಳಿದರೆ ಮೊದಲ ಒಂದೆರಡು ಸುತ್ತು ದಾಟುವ ಶಕ್ತಿ ತಂಡಕ್ಕಿದೆ.

(ದೃಶ್ಯ: ಪಡಸಾಲೆ. ಬೆನ್ನ ಹಿಂದೆ ಟವೆಲ್ ಹಿಡಿದ ಸೆಂಟರ್ ಹುಡುಗ ಅಡ್ಡಹೆಜ್ಜೆ ಹಾಕುತ್ತಿದ್ದಾನೆ.)