ದುರ್ಗದ ಪಾರ್ಕಿನಲ್ಲಿ ದುರ್ಗದ ಕಾಡಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪಾರ್ಕ್ ಅಂದ ತಕ್ಷಣ ನಮಗೆ ನೆನಪಾಗುವುದು ಹುಲ್ಲುಹಾಸು, ಕತ್ತರಿಸಿ ಸಾಲು ಮಾಡಿದ ಗಿಡ, ಸಿಮೆಂಟಿನ ಜಿಂಕೆ, ಒಂದು ಕಾರಂಜಿ. ಅದಕ್ಕೇ ಪರಿಸರ ಉದ್ಯಾನ ಅಂತ ಬೋರ್ಡ್ ಹಾಕಿದರೆ ಮಕ್ಕಳಿಗೆ ಪಾಠ ಆಗಿಬಿಡುತ್ತದೆಯೇ? ನನಗಂತೂ ಹಾಗನ್ನಿಸುವುದಿಲ್ಲ. ಚಿತ್ರದುರ್ಗದಲ್ಲಿ ಮಕ್ಕಳ ಕಲಿಕೆಗೆಂದು ಉದ್ಯಾನ ಮಾಡುವುದಾದರೆ ಅದರೊಳಗೆ ಇಲ್ಲಿನ ಕಾಡೇ ಇರಬೇಕು. ಜೋಗಿಮಟ್ಟಿ ಬೆಟ್ಟದ ಇಳಿಜಾರಿನಲ್ಲಿರುವ ಕಲ್ಲು, ಮುಳ್ಳು, ಕುರುಚಲು ಗಿಡ, ಒಣಹುಲ್ಲು, ಹುತ್ತ, ಎಲ್ಲವೂ.

ನಮ್ಮ ಜಿಲ್ಲೆಯ ಬಹುಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಇಷ್ಟರಲ್ಲಿ ಹುಲ್ಲುಹಾಸು ಹಸಿರಾಗಿರಬೇಕೆಂದರೆ ಬೋರ್‌ವೆಲ್ ನೀರೇ ಗತಿ. ಟ್ಯಾಂಕರ್‌ಗೆ ಕೊಡ ಹಿಡಿದು ಕಾಯುವ ಮನೆಯ ಮಗುವಿಗೆ ಸ್ಪ್ರಿಂಕ್ಲರ್ ತೋರಿಸಿ, ನೀರು ಉಳಿಸು ಅಂತ ಯಾವ ಬಾಯಲ್ಲಿ ಹೇಳುವುದು?

ಅದರ ಬದಲು ಬಂದರಿಕೆ ಗಿಡ ತೋರಿಸಿ. ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಅಂಟಂಟು. ಆ ಅಂಟಿನ ಲೇಪವೇ ಎಲೆಯೊಳಗಿನ ನೀರು ಬಿಸಿಲಿಗೆ ಆರಿಹೋಗದಂತೆ ಕಾಯುತ್ತದೆ. ಮೇಕೆಗಳೂ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಕಾಯಿಗೆ ಕಾಗದದಂಥ ರೆಕ್ಕೆಗಳಿವೆ, ಹೆಚ್ಚಾಗಿ ಮೂರು. ಗಾಳಿ ಬೀಸಿದರೆ ಬೀಜದ ಸಮೇತ ಹಾರುತ್ತದೆ. ಬಂಡೆ ಸಂದಿಯ ಹಿಡಿ ಮಣ್ಣಿನಲ್ಲೂ ಬೇರು ಬಿಡುತ್ತದೆ. ಯಾರೂ ನೀರು ಹಾಕಬೇಕಿಲ್ಲ. ಮಕ್ಕಳು ಎಲೆ ಕಿತ್ತು, ಮೂಸಿ, ಉಜ್ಜಿ ನೋಡಲಿ ಬಿಡಿ. ಇಂಥ ಕಡೆ "ಮುಟ್ಟಬೇಡಿ" ಅನ್ನುವ ಬೋರ್ಡ್ ಬೇಡವೇ ಬೇಡ.

ಹುತ್ತವನ್ನೂ ದಯವಿಟ್ಟು ಕೆಡವಬೇಡಿ. ಊರಿಗೆ ಬಂತು ಅಂತ ಸುದ್ದಿಯಾದಾಗ ಮಾತ್ರ ನಮ್ಮ ಮಕ್ಕಳು ಕರಡಿಯ ವಿಷಯ ಕೇಳುತ್ತಾರೆ. ಅದು ಬದುಕುವುದು ಹೇಗೆ ಅಂತ ಹೇಳಲು ಹುತ್ತವೊಂದಿದ್ದರೆ ಸಾಕು. ಈ ಕರಡಿಗೆ ಮೇಲ್ದವಡೆಯ ಮುಂದಿನ ನಡುಹಲ್ಲು ಎರಡೂ ಇರುವುದಿಲ್ಲ. ಉಗುರಿನಿಂದ ಹುತ್ತ ಬಗೆದು, ಮಣ್ಣನ್ನು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದಲೇ ಗೆದ್ದಲನ್ನು ಸುರ್ರನೆ ಹೀರುತ್ತದೆ. ಬೋರೆ ಹಣ್ಣು, ಕಾರೆ ಹಣ್ಣು ತಿಂದು ಹೋದಲ್ಲೆಲ್ಲ ಬೀಜ ಉದುರಿಸುತ್ತದೆ. ಆ ಪೊದೆಗಳನ್ನು ಕಡಿದು, ಬೆಟ್ಟದಲ್ಲಿ ತಿನ್ನಲು ಏನೂ ಉಳಿಯದಂತೆ ಮಾಡಿದರೆ ಅದು ಹೊಲಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗ ಅಭಯಾರಣ್ಯವಿದೆ. ಅಲ್ಲಿ ಕೊಂಡುಕುರಿಗಳಿವೆ. ಹೆಸರಲ್ಲಿ ಕುರಿ ಇದ್ದರೂ ಅದು ಜಿಂಕೆಯಂಥ ಕಾಡುಪ್ರಾಣಿ. ಗಂಡಿಗೆ ನಾಲ್ಕು ಕೊಂಬು. ಪ್ರಾಣಿ ಸುಲಭಕ್ಕೆ ಕಾಣಿಸದು. ಆದರೆ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಹಾಗಾಗಿ ಅದರ ಸುಳಿವು ಸಿಗುತ್ತದೆ. ಹೆಜ್ಜೆ, ಹಿಕ್ಕೆ, ಉದುರಿದ ಗರಿ ನೋಡಿ ಇದು ಯಾರದ್ದು ಅಂತ ಹುಡುಕುವ ಒಂದು ದಾರಿ ನಮ್ಮ ಉದ್ಯಾನದಲ್ಲೂ ಇದ್ದರೆ ಮಕ್ಕಳು ಮೊಬೈಲನ್ನೂ ಮರೆತಾರು.

ಇನ್ನು ನೀರಿನ ಪಾಠಕ್ಕೆ ದೂರ ಹೋಗುವುದೇ ಬೇಡ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಹಂತ ಹಂತವಾಗಿ ಹಿಡಿದ ಜನ ನಮ್ಮ ಹಿರಿಯರು. ಉದ್ಯಾನದ ಇಳಿಜಾರಿನಲ್ಲಿ ಇದೇ ಥರ ನಾಲ್ಕು ಪುಟ್ಟ ಗುಂಡಿ ತೋಡಿಸಿ, ಪಕ್ಕದಲ್ಲೊಂದು ಮಳೆಮಾಪಕ ಇಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಅದು ಒಂದು ಲೀಟರ್ ನೀರು. ಈ ಲೆಕ್ಕ ತಿಳಿದ ಮಗು ತನ್ನ ಮನೆ ಮಾಳಿಗೆಯನ್ನೂ ಅಳೆಯುತ್ತದೆ, ನೋಡ್ತಾ ಇರಿ.

ದೊಡ್ಡ ಉದ್ಯಾನ ಆಗುವಾಗ ಆಗಲಿ. ಅಲ್ಲಿಯವರೆಗೆ ಮೇಷ್ಟ್ರುಗಳಲ್ಲಿ, ಟೀಚರ್‌ಗಳಲ್ಲಿ ನನ್ನದೊಂದು ಕೋರಿಕೆ. ಶಾಲೆಯ ಹಿಂದೆ ಒಂದು ಮೂಲೆಯನ್ನು ಕೆರೆಯದೆ ಬಿಡಿ. ಮುಂಗಾರು ಶುರುವಾಗುವ ಹೊತ್ತಿಗೆ ಬೇವಿನ ಹಣ್ಣು ಉದುರುತ್ತದೆ. ಬೀಜವನ್ನು ತೊಳೆದು ನೆರಳಲ್ಲಿ ಆರಿಸಿ, ಬೇಗ ಬಿತ್ತಿ. ತಿಂಗಳುಗಟ್ಟಲೆ ಇಟ್ಟರೆ ಮೊಳೆಯುವುದಿಲ್ಲ. ಬಂದರಿಕೆ ಬೀಜದ ಸಿಪ್ಪೆ ಗಟ್ಟಿ. ಅದಕ್ಕೆ ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮಕ್ಕಳ ಕೈಯಲ್ಲೇ ಬಿತ್ತಿಸಿ.

ನಮಸ್ಕಾರ.