ಪರದೇಶದಲ್ಲಿ ನಮ್ಮ ಮೊಬೈಲು

ಮಾನ್ಯ ಕೇಳುಗರಿಗೆ ನಮಸ್ಕಾರ.

ಅಡಿಕೆ ಕೊಯ್ಲು ಮುಗಿಸಿ, ಸುಲಿದು ಒಣಗಿಸಿದ ಮಾಲನ್ನು ಮಂಡಿಗೆ ಸಾಗಿಸಿದ ಮೇಲೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಮಗನ ಮನೆ ನೋಡಲೆಂದು ಜರ್ಮನಿಗೋ ಹೊರಡುವುದು ತೀರ್ಥಹಳ್ಳಿ, ಸಾಗರ, ಹೊಸನಗರ ಸೀಮೆಯ ಮನೆಗಳಲ್ಲಿ ಈಗ ಊರೆಲ್ಲ ಮಾತಾಡಿಕೊಳ್ಳುವ ಸಂಗತಿಯಾಗಿ ಉಳಿದಿಲ್ಲ. ಶಿವಮೊಗ್ಗದಿಂದ ಗುಂಪು ಕಟ್ಟಿಕೊಂಡು ಥಾಯ್ಲೆಂಡ್, ಸಿಂಗಪುರ, ದುಬೈ ನೋಡಿಬರುವವರೂ ಇದ್ದಾರೆ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ಆರಂಭವಾಗಿದೆಯಾದರೂ ಹೊರದೇಶದ ವಿಮಾನ ಹತ್ತಲು ನಾವು ಸಾಮಾನ್ಯವಾಗಿ ದೇವನಹಳ್ಳಿಗೇ ಹೋಗಬೇಕು. ಹೊರಡುವ ಎಷ್ಟೋ ದಿನ ಮೊದಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳಗಳ ಕಟ್ಟು ಸಿದ್ಧವಾಗಿರುತ್ತದೆ. ಮೊಬೈಲಿನ ವಿಚಾರ ಮಾತ್ರ ಬೆಂಗಳೂರಿನ ರಾತ್ರಿ ಬಸ್ಸು ಹತ್ತುವವರೆಗೂ ಯಾರಿಗೂ ನೆನಪಾಗುವುದಿಲ್ಲ. ತೊಂದರೆ ಇರುವುದು ಅಲ್ಲಿಯೇ. ಪರದೇಶದಲ್ಲಿ ಮೊಬೈಲು ಕೈಕೊಡದಂತೆ ಮಾಡಿಕೊಳ್ಳಬೇಕಾದ ಏರ್ಪಾಡುಗಳಲ್ಲಿ ಹೆಚ್ಚಿನವು ನಮ್ಮ ದೇಶದ ನೆಟ್‌ವರ್ಕ್ ಸಿಗುತ್ತಿರುವಾಗಲೇ ಆಗಬೇಕಾದವು.

ಮೊದಲು ರೋಮಿಂಗ್, ಅಂದರೆ ನಮ್ಮ ಸಿಮ್ಮೇ ಬೇರೆ ದೇಶದ ಕಂಪನಿಯ ಸಿಗ್ನಲ್ ಹಿಡಿದು ಕೆಲಸ ಮಾಡುವುದು, ಹೇಗೆ ನಡೆಯುತ್ತದೆ ಎಂದು ನೋಡೋಣ. ನಮ್ಮ ಸಿಮ್ ಕಾರ್ಡಿನೊಳಗೆ, ನಾವು ಡಯಲ್ ಮಾಡುವ ಸಂಖ್ಯೆಯಲ್ಲದೆ, ಸಾಮಾನ್ಯವಾಗಿ 15 ಅಂಕಿಗಳ ಇನ್ನೊಂದು ಗುರುತಿನ ಸಂಖ್ಯೆ ಅಡಗಿರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ. ಭಾರತದ ಸಿಮ್‌ಗಳಲ್ಲಿ ಅದು 404 ಅಥವಾ 405. ಬ್ಯಾಂಕಾಕಿನಲ್ಲಿ ಇಳಿದು ಫೋನನ್ನು ಚಾಲೂ ಮಾಡಿದೊಡನೆ ಅಲ್ಲಿಯ ಕಂಪನಿ ಈ ಅಂಕಿಗಳನ್ನು ಓದಿ, ಇದು ಭಾರತದ ಇಂಥ ಕಂಪನಿಯ ಗಿರಾಕಿ ಎಂದು ತಿಳಿದು, ಇವರಿಗೆ ಸೇವೆ ಕೊಡಬಹುದೇ ಎಂದು ನಮ್ಮ ಕಂಪನಿಯನ್ನು ವಿಚಾರಿಸುತ್ತದೆ. ಎರಡು ಕಂಪನಿಗಳ ನಡುವೆ ಒಪ್ಪಂದವಿದ್ದು, ನಾವು ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಪಡೆದಿದ್ದರೆ ಮಾತ್ರ ಸಿಗ್ನಲ್ ಬರುತ್ತದೆ. ಹೀಗೆ ಬಳಸುವ ಡೇಟಾ ಸಾಮಾನ್ಯವಾಗಿ ಅಲ್ಲಿಯ ಟವರಿನಿಂದ ನೇರವಾಗಿ ಇಂಟರ್ನೆಟ್ಟಿಗೆ ಹೋಗದೆ, ಭಾರತದಲ್ಲಿರುವ ನಮ್ಮ ಕಂಪನಿಯ ಮೂಲಕ ಸುತ್ತಿ ಬರುತ್ತದೆ. ರೋಮಿಂಗ್ ಡೇಟಾ ಕೆಲವೊಮ್ಮೆ ನಿಧಾನವೆನಿಸುವುದಕ್ಕೆ ಇದೂ ಒಂದು ಕಾರಣ. ಚೀನಾಕ್ಕೆ ಹೋದವರಿಗೆ ಇದೇ ಸುತ್ತುದಾರಿ ಅನುಕೂಲವೂ ಆಗುತ್ತದೆ. ಅಲ್ಲಿಯ ಸ್ಥಳೀಯ ಸಿಮ್‌ನಲ್ಲಿ ಗೂಗಲ್, ವಾಟ್ಸ್ಆ್ಯಪ್ ತೆರೆದುಕೊಳ್ಳುವುದಿಲ್ಲ. ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ.

ಏರ್‌ಟೆಲ್, ಜಿಯೋ, ವಿ ಕಂಪನಿಗಳು ದೇಶವಾರು ರೋಮಿಂಗ್ ಪ್ಯಾಕುಗಳನ್ನು ಮಾರುತ್ತವೆ. ನಾಲ್ಕಾರು ದಿನಗಳ ಪ್ರವಾಸಕ್ಕೆ, ಅದರಲ್ಲೂ ಒಂದೇ ಸುತ್ತಿನಲ್ಲಿ ಎರಡು ಮೂರು ದೇಶ ನೋಡುವವರಿಗೆ, ಅಂಥ ಪ್ಯಾಕೇ ಲೇಸು ಎಂಬುದು ನನ್ನ ಅಭಿಪ್ರಾಯ. ಬೆಲೆ ಸ್ವಲ್ಪ ಹೆಚ್ಚಾದರೂ ತಾಪತ್ರಯ ಕಡಿಮೆ. ಪ್ಯಾಕ್ ಇಲ್ಲದೆ ಡೇಟಾ ರೋಮಿಂಗ್ ಚಾಲೂ ಇಟ್ಟುಕೊಂಡವರ ಪಾಡು ಬೇರೆ. ನಾವು ಫೋನನ್ನು ಮುಟ್ಟದಿದ್ದರೂ ಅದು ಸುಮ್ಮನಿರುವುದಿಲ್ಲ. ತೆಗೆದ ಚಿತ್ರಗಳನ್ನು ಗೂಗಲ್ ಫೋಟೋಸ್‌ಗೆ ಏರಿಸುತ್ತದೆ, ಆ್ಯಪ್‌ಗಳನ್ನು ನವೀಕರಿಸುತ್ತದೆ, ಬಂಧುಬಳಗದ ವಾಟ್ಸ್ಆ್ಯಪ್ ಗುಂಪಿಗೆ ಬೆಳಗಾಗುವ ಮುನ್ನವೇ ಬಂದು ಬೀಳುವ ಶುಭೋದಯದ ವಿಡಿಯೋಗಳನ್ನೆಲ್ಲ ಇಳಿಸಿಕೊಳ್ಳುತ್ತದೆ. ಪೋಸ್ಟ್‌ಪೇಯ್ಡ್ ಸಂಪರ್ಕವಾಗಿದ್ದರೆ ಇದರ ಲೆಕ್ಕ ತಿಂಗಳ ಕೊನೆಯ ಬಿಲ್ಲಿನಲ್ಲಿ ಕಾಣಿಸುತ್ತದೆ. ಆದ್ದರಿಂದ ವಿಮಾನ ಹತ್ತುವ ಮೊದಲೇ ಈ ಸ್ವಯಂಚಾಲಿತ ಕೆಲಸಗಳು ವೈ-ಫೈ ಇದ್ದಾಗ ಮಾತ್ರ ನಡೆಯುವಂತೆ ಬದಲಾಯಿಸಿಕೊಳ್ಳಬೇಕು. ಸಿಂಗಪುರದಿಂದ ಹಡಗಿನ ವಿಹಾರಕ್ಕೆ ಹೋಗುವ ಗುಂಪುಗಳು ಗಮನಿಸಬೇಕಾದ ಮಾತೊಂದಿದೆ: ನಡುಗಡಲಿನ ಹಡಗಿನಲ್ಲಿ, ಹಾಗೆಯೇ ಹಾರುವ ವಿಮಾನದಲ್ಲಿ, ಸಿಗುವ ಸಿಗ್ನಲ್ ದಡದ ಟವರಿನದಲ್ಲ, ಉಪಗ್ರಹದ ಮೂಲಕ ಬರುವ ಬೇರೆಯೇ ನೆಟ್‌ವರ್ಕಿನದು. ದೇಶಕ್ಕೆಂದು ಕೊಂಡ ಸಾಮಾನ್ಯ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ, ದರವೂ ವಿಪರೀತ. ಅಲ್ಲಿ ಫೋನು ಏರೋಪ್ಲೇನ್ ಮೋಡ್‌ನಲ್ಲೇ ಇರಲಿ.

ಇನ್ನು, ಹೆಚ್ಚು ದಿನ ಉಳಿಯುವವರ ವಿಷಯ. ಇವರು ಸಂಖ್ಯೆ ಮತ್ತು ಡೇಟಾ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಬೇಕು. ಡೇಟಾವನ್ನು ಹೋದ ದೇಶದ ಕಂಪನಿಯಿಂದ ಕೊಳ್ಳುವುದು ಅಗ್ಗ. ಆದರೆ ಊರಿನ ಸಂಖ್ಯೆಯನ್ನು ಬಿಟ್ಟುಕೊಡುವಂತಿಲ್ಲ. ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ, ಮಂಡಿಯಿಂದ ಹಣ ಜಮಾ ಆದ ಸಂದೇಶ, ಎಲ್ಲವೂ ಬರುವುದು ಅದಕ್ಕೇ. ಎರಡು ಸಿಮ್ ಹಾಕಿಕೊಳ್ಳುವುದು ಮಲೆನಾಡಿಗರಿಗೆ ಹೊಸದೇನಲ್ಲ. ಮನೆಯ ಜಗುಲಿಯಲ್ಲಿ ಬಿಎಸ್ಎನ್ಎಲ್ ಬಿಟ್ಟರೆ ಬೇರೆ ಸಿಗದ, ಪೇಟೆಗೆ ಇಳಿದರೆ ಮತ್ತೊಂದೇ ಚೆನ್ನಾಗಿ ಸಿಗುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊರದೇಶಕ್ಕೆ ಹೊರಟಾಗ ಇವೆರಡರಲ್ಲಿ ಯಾವುದು ಬ್ಯಾಂಕಿಗೆ ಕೊಟ್ಟ ಸಂಖ್ಯೆ ಎಂದು ನೋಡಿ, ಅದನ್ನು ಉಳಿಸಿಕೊಂಡು, ಇನ್ನೊಂದರ ಜಾಗವನ್ನು ತೆರವು ಮಾಡಿ ಅಲ್ಲಿಯ ಸಿಮ್ ಹಾಕಿಕೊಳ್ಳಬೇಕು. ಉಳಿಸಿಕೊಂಡ ಸಂಖ್ಯೆಗೆ, ನೀವು ಹೋಗುವ ದೇಶದಲ್ಲಿ ರೋಮಿಂಗ್ ಇದೆಯೇ ಎಂದು ಕಂಪನಿಯ ಕಚೇರಿಯಲ್ಲಿ ಮೊದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಎಲ್ಲ ಕಂಪನಿಗಳಿಗೂ ಎಲ್ಲ ದೇಶಗಳಲ್ಲಿ ಒಪ್ಪಂದ ಇರುವುದಿಲ್ಲ. ಅಲ್ಲಿಗೆ ತಲುಪಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಕ್ಕೆ ಹೊಸ ಸಿಮ್ಮನ್ನು ಆರಿಸಿ, ಊರಿನ ಸಿಮ್‌ನ ಡೇಟಾ ರೋಮಿಂಗ್ ಗುಂಡಿಯನ್ನು ಆಫ್ ಮಾಡಿಡಬೇಕು. ಸಿಮ್ ಚಾಲೂ ಇರಲಿ. ರೋಮಿಂಗ್‌ನಲ್ಲಿ ಒಳಬರುವ ಎಸ್ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಆದರೆ ಪ್ಯಾಕ್ ಇಲ್ಲದೆ ಕರೆಯನ್ನು ಎತ್ತಿದರೆ, ಕರೆದವರು ಅವರೇ ಆಗಿದ್ದರೂ, ನಿಮಗೆ ಶುಲ್ಕ ಬೀಳುತ್ತದೆ. ತೋಟದ ಆಳುಕಾಳುಗಳಿಗೆ, ನೆಂಟರಿಷ್ಟರಿಗೆ ಇದನ್ನು ಮುಂಚೆಯೇ ತಿಳಿಸಿ, ವಾಟ್ಸ್ಆ್ಯಪ್‌ನಲ್ಲೇ ಕರೆಯಿರಿ ಎನ್ನುವುದು ಒಳ್ಳೆಯದು.

ಸ್ಥಳೀಯ ಸಿಮ್ ಕೊಳ್ಳುವಾಗ ಬಹಳಷ್ಟು ದೇಶಗಳಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಥಾಯ್ಲೆಂಡಿನಲ್ಲೂ ಸಿಂಗಪುರದಲ್ಲೂ ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರ ಸಿಮ್ ಮಾರುವ ಕೌಂಟರುಗಳಿವೆ. ಸೌದಿ ಅರೇಬಿಯಾದಲ್ಲಿ ಬೆರಳಚ್ಚು ಪಡೆಯುವ ಪದ್ಧತಿಯಿದೆ; ಹಜ್ ಮತ್ತು ಉಮ್ರಾ ಯಾತ್ರೆಗೆ ಹೋಗುವವರು ಇದಕ್ಕೆ ಸಿದ್ಧರಾಗಿರಬೇಕು. ಆದರೆ ಬ್ರಿಟನ್ನಿನಲ್ಲಿ ಪ್ರೀಪೇಯ್ಡ್ ಸಿಮ್ಮನ್ನು ಯಾವ ಗುರುತಿನ ಚೀಟಿಯೂ ಇಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದು. ಜಪಾನಿನಲ್ಲಿ ಪ್ರವಾಸಿಗರಿಗೆ ಸುಲಭವಾಗಿ ಸಿಗುವ ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ ಮೀಸಲು, ಅವುಗಳಿಗೆ ಕರೆ ಮಾಡುವ ಸಂಖ್ಯೆಯೇ ಇರುವುದಿಲ್ಲ. ಎಲ್ಲಿಯೇ ಕೊಳ್ಳಿ, ಕೌಂಟರ್ ಬಿಟ್ಟು ಕದಲುವ ಮೊದಲು ಅಂಗಡಿಯವರ ಎದುರೇ ಒಂದು ಪುಟ ತೆರೆದು ನೋಡಿ. ತೆಗೆದ ನಮ್ಮ ನ್ಯಾನೋ ಸಿಮ್‌ನ ಅಳತೆ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡರೆ ಮತ್ತೆ ಸಿಗುತ್ತದೆಂಬ ಭರವಸೆ ಬೇಡ.

ಯುರೋಪಿಗೆ ಹೋಗುವವರಿಗೆ ಒಂದು ದೊಡ್ಡ ಅನುಕೂಲವಿದೆ. 2017ರ ಜೂನ್ 15ರಿಂದ ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ರೋಮಿಂಗಿಗೆ ಪ್ರತ್ಯೇಕ ದರವನ್ನು ತೆಗೆದುಹಾಕಲಾಗಿದೆ. ಪ್ಯಾರಿಸಿನಲ್ಲಿ ಕೊಂಡ ಸಿಮ್, ಡೇಟಾದ ಮಿತಿಯೊಳಗೆ, ರೋಮಿನಲ್ಲೂ ಆಮ್‌ಸ್ಟರ್‌ಡ್ಯಾಮಿನಲ್ಲೂ ಅದೇ ದರಕ್ಕೆ ನಡೆಯುತ್ತದೆ; ಒಕ್ಕೂಟದ ಹೊರಗಿರುವ ನಾರ್ವೆ, ಐಸ್‌ಲ್ಯಾಂಡ್‌ಗಳಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಮತ್ತು ಬ್ರಿಟನ್ ಇದರ ವ್ಯಾಪ್ತಿಗೆ ಸೇರುವುದಿಲ್ಲ. ನಮ್ಮವರ ಯುರೋಪ್ ಪ್ರವಾಸದಲ್ಲಿ ಸ್ವಿಟ್ಜರ್ಲೆಂಡಿನ ಹಿಮಬೆಟ್ಟ ಇಲ್ಲದೆ ಹೋಗುವುದೇ ಇಲ್ಲವಾದ್ದರಿಂದ, ಆ ಹೆಸರು ಪ್ಯಾಕಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಇಂಟರ್ನೆಟ್ ಕರೆಗಳ ಮೇಲೆ ನಿರ್ಬಂಧವಿದ್ದು, ವಾಟ್ಸ್ಆ್ಯಪ್‌ನಲ್ಲಿ ಬರೆದ ಸಂದೇಶ ಹೋಗುತ್ತದೆ, ಆದರೆ ಮಾತಿನ ಕರೆ ಸಾಮಾನ್ಯವಾಗಿ ತಾಗುವುದಿಲ್ಲ. ಮನೆಯವರಿಗೆ ಇದು ಗೊತ್ತಿದ್ದರೆ, ಕರೆ ಬರಲಿಲ್ಲವೆಂದು ಗಾಬರಿ ಬೀಳುವುದು ತಪ್ಪುತ್ತದೆ. ಮುಕ್ತಿನಾಥ, ಪಶುಪತಿನಾಥಕ್ಕೆಂದು ನೇಪಾಳಕ್ಕೆ ಹೋಗುವವರಿಗೆ ಎನ್‌ಸೆಲ್ ಅಥವಾ ನೇಪಾಳ್ ಟೆಲಿಕಾಂ ಸಿಮ್ ಸಾಕು.

ಈಗ ಇ-ಸಿಮ್. ಇದು ಬೇರೆ ಕಾರ್ಡಲ್ಲ. ಫೋನಿನೊಳಗೇ ಬೆಸೆದಿರುವ ಚಿಪ್ಪಿಗೆ ಕಂಪನಿಯ ವಿವರಗಳನ್ನು ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವ ಏರ್ಪಾಡು. ಐಫೋನುಗಳಲ್ಲಿ ಇದು 2018ರ ಮಾದರಿಗಳಿಂದ ಬಂದಿದೆ, ಇತರ ಕಂಪನಿಗಳ ಹಲವು ಫೋನುಗಳಲ್ಲೂ ಇದೆ. ನಿಮ್ಮ ಫೋನಿನಲ್ಲಿ ಇದೆಯೇ ಎಂದು ತಿಳಿಯಲು ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಎಂದು ಡಯಲ್ ಮಾಡಿ. ಐಎಂಇಐ ಸಂಖ್ಯೆಯ ಜೊತೆಗೆ ಇಐಡಿ ಎಂಬ 32 ಅಂಕಿಗಳ ಉದ್ದದ ಸಂಖ್ಯೆಯೂ ಕಾಣಿಸಿದರೆ ಇದೆ ಎಂದರ್ಥ. ಹೀಗಾದರೆ ಊರಿನ ಸಿಮ್ಮನ್ನು ತೆಗೆಯಬೇಕಾದ ಪ್ರಮೇಯವೇ ಬರುವುದಿಲ್ಲ. ಕೊಂಡಾಗ ಕಂಪನಿ ಒಂದು ಕ್ಯೂಆರ್ ಕೋಡ್ ಕಳುಹಿಸುತ್ತದೆ, ಅದನ್ನು ಕ್ಯಾಮೆರಾದಿಂದ ಓದಿಸಬೇಕು. ಆ ಕೋಡ್ ನಿಮ್ಮ ಫೋನಿನ ಪರದೆಯ ಮೇಲೇ ಇದ್ದರೆ ಅದೇ ಫೋನಿನ ಕ್ಯಾಮೆರಾದಿಂದ ಓದಿಸಲು ಆಗದು. ಇನ್ನೊಬ್ಬರ ಫೋನಿಗೆ ಕಳುಹಿಸಿ ಅಥವಾ ಅಚ್ಚು ಹಾಕಿಸಿ ಇಟ್ಟುಕೊಳ್ಳಿ. ಇಳಿಸಿಕೊಳ್ಳುವುದಕ್ಕೇ ಇಂಟರ್ನೆಟ್ ಬೇಕಾದ್ದರಿಂದ, ಅಲ್ಲಿ ಇಳಿದ ಮೇಲೆ ನೋಡೋಣ ಎಂದರೆ ಕೆಲಸ ಕೆಡುತ್ತದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಊರಿನವರು ಈ ಕೆಲಸವನ್ನು ಸಾಗರದಲ್ಲೋ ಶಿವಮೊಗ್ಗದಲ್ಲೋ ಒಳ್ಳೆಯ ವೈ-ಫೈ ಇರುವ ಕಡೆ ಕುಳಿತು ಮುಗಿಸಿಕೊಳ್ಳಬೇಕು. ಒಮ್ಮೆ ಇಳಿಸಿಕೊಂಡ ಇ-ಸಿಮ್ಮನ್ನು ಪ್ರವಾಸದ ನಡುವೆ ಅಳಿಸಬಾರದು, ಏಕೆಂದರೆ ಬಹಳಷ್ಟು ಕೋಡ್‌ಗಳು ಒಂದೇ ಬಾರಿ ನಡೆಯುವಂಥವು. ಇ-ಸಿಮ್ ಮಾರುವ ವಿದೇಶಿ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಕೆಲವನ್ನು, ಅನುಮತಿಯಿಲ್ಲದೆ ಮಾರಾಟ ಮಾಡುತ್ತಿವೆಯೆಂಬ ಕಾರಣಕ್ಕೆ, 2024ರ ಜನವರಿಯಲ್ಲಿ ಸರ್ಕಾರದ ಸೂಚನೆಯಂತೆ ಭಾರತದ ಆ್ಯಪ್ ಸ್ಟೋರುಗಳಿಂದ ತೆಗೆಯಲಾಯಿತು. ಯಾವುದನ್ನು ನಂಬಬೇಕೆಂಬುದರಲ್ಲಿ ಎಚ್ಚರ ಇರಲಿ. ಇಂಥವು ಬಹುತೇಕ ಡೇಟಾ ಮಾತ್ರ ಕೊಡುತ್ತವೆ. ಹೊಸ ಸಿಮ್ ಹಾಕಿದಾಗ ವಾಟ್ಸ್ಆ್ಯಪ್ ಸಂಖ್ಯೆ ಬದಲಾಯಿಸಬೇಕೇ ಎಂದು ಕೇಳಿದರೆ ಬೇಡವೆಂದೇ ಉತ್ತರಿಸಿ, ಹಳೆಯ ಸಂಖ್ಯೆಯಲ್ಲೇ ಮುಂದುವರಿಯಬಹುದು.

ಅಮೆರಿಕದ ಮಕ್ಕಳು ಅಪ್ಪ ಅಮ್ಮನಿಗೆಂದು ಐಫೋನ್ ಕೊಂಡು ಕಳಿಸುವುದುಂಟು. 2022ರಲ್ಲಿ ಬಂದ ಐಫೋನ್ 14ರಿಂದ ಮುಂದಕ್ಕೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ಟ್ರೇ ಇಲ್ಲ. ಅಂಥ ಫೋನಿನಲ್ಲಿ ಊರಿನ ಸಂಖ್ಯೆ ನಡೆಯಬೇಕಾದರೆ ಅದನ್ನು ಇಲ್ಲಿಯೇ ಇ-ಸಿಮ್ ಆಗಿ ಬದಲಾಯಿಸಿಕೊಳ್ಳಬೇಕು. ಹಳೆಯ ಗುಂಡಿ ಫೋನನ್ನೇ ಒಯ್ಯುತ್ತೇನೆ ಎನ್ನುವ ಹಿರಿಯರಿಗೂ ಒಂದು ಮಾತು ಹೇಳಬೇಕು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಸೇವೆಯನ್ನು ನಿಲ್ಲಿಸಿವೆ, ಆಸ್ಟ್ರೇಲಿಯಾ 2024ರಲ್ಲಿ ನಿಲ್ಲಿಸಿತು, ಸಿಂಗಪುರ 2017ರಲ್ಲೇ 2ಜಿಯನ್ನು ಮುಚ್ಚಿತು. 4ಜಿಯಲ್ಲೇ ಮಾತಾಡುವ ವೋಲ್ಟಿ ಸೌಲಭ್ಯವಿಲ್ಲದ ಫೋನು ಇಂಥ ಕಡೆಗಳಲ್ಲಿ ಗಡಿಯಾರವಾಗಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ಆರು ತಿಂಗಳು ಉಳಿಯುವ ಈ ಹಿರಿಯರ ಊರಿನ ಸಂಖ್ಯೆಯೇ ಹೆಚ್ಚು ಅಪಾಯದಲ್ಲಿರುವುದು. ಅಲ್ಲಿಯ ಸಿಮ್ಮನ್ನು ಮಕ್ಕಳು ತಮ್ಮ ಕುಟುಂಬದ ಪ್ಲ್ಯಾನಿಗೆ ಸೇರಿಸಿ ಕೊಡುತ್ತಾರೆ, ಕೆಲಸ ಸಾಗುತ್ತದೆ. ಊರಿನ ಸಿಮ್ ಪರ್ಸಿನಲ್ಲೋ ಸೂಟ್‌ಕೇಸಿನಲ್ಲೋ ಉಳಿಯುತ್ತದೆ. ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಯಾವ ರೀತಿಯಲ್ಲೂ ಬಳಸದಿದ್ದರೆ ಕಂಪನಿ ಅದನ್ನು ರದ್ದು ಮಾಡಬಹುದು, ಬಳಿಕ ಇನ್ನೊಬ್ಬರಿಗೆ ಕೊಡಲೂಬಹುದು. ಹಾಗಾದರೆ ಆಧಾರ್, ಬ್ಯಾಂಕು, ಪಿಂಚಣಿ ಎಲ್ಲದಕ್ಕೂ ಸಂಖ್ಯೆ ಬದಲಾಯಿಸುವ ಓಡಾಟ ಹಿಂದಿರುಗಿದ ಮೇಲೆ ಕಾದಿರುತ್ತದೆ. ಹೊರಡುವ ಮುನ್ನ ದೀರ್ಘಾವಧಿಯ ರೀಚಾರ್ಜ್ ಮಾಡಿಸಿ, ರೋಮಿಂಗ್ ಚಾಲೂ ಮಾಡಿಸಿ, ಸಿಮ್ಮನ್ನು ಫೋನಿನಲ್ಲೇ ಇಟ್ಟುಕೊಂಡರೆ ಇದು ತಪ್ಪುತ್ತದೆ. ಯುಪಿಐ ಆ್ಯಪ್ ಹೊಸ ಫೋನಿಗೆ ಹಾಕುವುದಿದ್ದರೆ ಅದನ್ನೂ ಇಲ್ಲಿಯೇ ಮಾಡಿಕೊಳ್ಳಿ, ಏಕೆಂದರೆ ನೋಂದಣಿಗೆ ಆ ಸಿಮ್‌ನಿಂದಲೇ ಒಂದು ಎಸ್ಎಂಎಸ್ ಹೊರಹೋಗಬೇಕು, ರೋಮಿಂಗ್‌ನಲ್ಲಿ ಅದಕ್ಕೆ ಶುಲ್ಕವಿರುತ್ತದೆ.

ಡೇಟಾ ಎಷ್ಟು ಬೇಕು ಎಂದು ಎಲ್ಲರೂ ಕೇಳುತ್ತಾರೆ. ವಿಡಿಯೋ ನೋಡುವ ಚಟವಿಲ್ಲದವರಿಗೆ ದಿನಕ್ಕೆ 1 ಜಿಬಿ ಧಾರಾಳವಾಯಿತು. ಹೋಗುವ ನಗರದ ಗೂಗಲ್ ನಕ್ಷೆಯನ್ನೂ ಅಲ್ಲಿಯ ಭಾಷೆಯ ಅನುವಾದದ ಕಡತವನ್ನೂ ಮನೆಯಲ್ಲೇ ಇಳಿಸಿಕೊಂಡರೆ ಅಷ್ಟೂ ಖರ್ಚಾಗದು. ಅಪರಿಮಿತವೆಂದು ಮಾರುವ ಪ್ಯಾಕುಗಳಲ್ಲಿ ಅನೇಕವು ಒಂದು ಮಿತಿಯ ನಂತರ ವೇಗವನ್ನು ತಗ್ಗಿಸುತ್ತವೆ ಎಂಬುದನ್ನು ಓದಿಯೇ ಹಣ ಕೊಡಬೇಕು.

ಹಿಂದಿರುಗಿದ ಮೇಲೆ ಮೊಬೈಲ್ ಡೇಟಾವನ್ನು ಮತ್ತೆ ಊರಿನ ಸಿಮ್‌ಗೆ ಬದಲಾಯಿಸಿ, ಅವಧಿ ಮುಗಿದ ಇ-ಸಿಮ್ಮನ್ನು ಅಳಿಸಬಹುದು. ಅಲ್ಲಿದ್ದಾಗ ಯಾವುದಾದರೂ ಖಾತೆಗೆ ಆ ದೇಶದ ತಾತ್ಕಾಲಿಕ ಸಂಖ್ಯೆಯನ್ನು ಕೊಟ್ಟಿದ್ದರೆ ಅದನ್ನು ಆ ಸಿಮ್‌ನ ಅವಧಿ ಮುಗಿಯುವ ಮೊದಲೇ ತೆಗೆಸಿರಬೇಕು. ಮುಂದೆ ಆ ಸಂಖ್ಯೆ ಬೇರೆಯವರ ಪಾಲಾದಾಗ ನಿಮ್ಮ ಒಟಿಪಿ ಹೋಗುವುದು ಅವರ ಕೈಗೆ.

ನಮಸ್ಕಾರ.