ಪಕ್ಕದ ಮನೆ ಮುಂದೆ ಒಂದು ಅಡಿ

ಬೆಳಿಗ್ಗೆ ಆರೂವರೆ. ಜಪಾನಿನ ಕ್ಯೋಟೋ. ಪರ್ ಪರ್ ಅಂತ ಕೇಳಿಸುತ್ತಿದೆಯಲ್ಲ, ಅದು ಪೊರಕೆ ಸದ್ದು. ಮ್ಯೂಸಿಕ್ ಹಾಕಿಲ್ಲ, ಬೇಕೂಂತಲೇ ಹಾಗೇ ಬಿಟ್ಟಿದ್ದೇನೆ.

ಇವರು ಪಕ್ಕದ ಮನೆ ಅಜ್ಜಿ. ಮುಖ ತೋರಿಸುವುದು ಬೇಡ ಎಂದರು, ಹಾಗಾಗಿ ಕೈ ಮಾತ್ರ. ಬಿದಿರುಕಡ್ಡಿ ಪೊರಕೆ. ತಮ್ಮ ಮನೆ ಮುಂದೆ ಗುಡಿಸುತ್ತಾ ಬಂದರು, ನಾನು ಉಳಿದುಕೊಂಡಿರುವ ಮನೆಯ ಕಡೆ ಸುಮಾರು ಒಂದು ಅಡಿ ಗುಡಿಸಿದರು, ಅಲ್ಲಿಗೆ ನಿಲ್ಲಿಸಿದರು. ಇದಕ್ಕೆ ಇಲ್ಲಿ ಕದೊಹಕಿ ಎನ್ನುತ್ತಾರೆ. ಕದೊ ಅಂದರೆ ಮನೆಬಾಗಿಲು. ನಮ್ಮ ಕದ ನೆನಪಾಯಿತು ಅಲ್ವಾ? ಸಂಬಂಧ ಏನೂ ಇಲ್ಲ, ಸುಮ್ನೆ ಖುಷಿಯಾಯಿತು.

ಆ ಒಂದು ಅಡಿಗೆ ಲೆಕ್ಕ ಇದೆ. ಪಕ್ಕದವರ ಕಡೆ ಸ್ವಲ್ಪವೂ ಗುಡಿಸದಿದ್ದರೆ ಬಿಗುಮಾನ. ಪೂರ್ತಿ ಗುಡಿಸಿದರೆ ಅದು ಇನ್ನೂ ತಪ್ಪು, 'ನಿಮ್ಮ ಕೈಲಿ ಇಷ್ಟೂ ಆಗಲ್ವಾ' ಅಂತ ಹೇಳಿದ ಹಾಗೆ. ಗುಡಿಸಿದ ಮೇಲೆ ನೀರು ಚಿಮುಕಿಸುತ್ತಾರೆ, ಉಚಿಮಿಜು. ನಮ್ಮಲ್ಲಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವುದಿಲ್ವಾ, ಹಾಗೇ. ರಂಗೋಲಿ ಒಂದಿಲ್ಲ ಅಷ್ಟೆ.

ನಾನು ಇರುವುದು ಒಸಾಕಾದಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಅಲ್ಲಿಂದ ಇಲ್ಲಿಗೆ ಟ್ರೈನಿನಲ್ಲಿ ಅರ್ಧ ಗಂಟೆ. ಜೂನ್ ಕೊನೆಗೆ ಮೂರು ದಿನ ರಜೆ ಸಿಕ್ಕಿತು, ಬಂದು ಒಂದು ಮಚಿಯಾದಲ್ಲಿ ಉಳಿದುಕೊಂಡೆ. ಮಚಿಯಾ ಅಂದರೆ ಪೇಟೆಯ ಹಳೇ ಮರದ ಮನೆ. ಆಗಿನ ಕಾಲದಲ್ಲಿ ಮುಂದುಗಡೆ ಅಂಗಡಿ, ಹಿಂದುಗಡೆ ಸಂಸಾರ. ಮುಂಭಾಗ ಕಿರಿದು, ಒಳಗೆ ಹೋದಷ್ಟೂ ಉದ್ದ. ಇದನ್ನು ಇಲ್ಲಿಯವರು ಹಾವುಮೀನಿನ ಹಾಸಿಗೆ ಎಂದು ಕರೆಯುತ್ತಾರೆ. ರಸ್ತೆ ಕಡೆಯ ಅಗಲ ನೋಡಿ ತೆರಿಗೆ ಹಾಕುತ್ತಿದ್ದರು, ಅದಕ್ಕೇ ಹೀಗೆ ಅನ್ನುವ ಮಾತಿದೆ.

ಒಳಗೆ ಬರುತ್ತಿದ್ದ ಹಾಗೆ ಢಬ್ ಅಂತ ಹಣೆ ಹೊಡೆಸಿಕೊಂಡೆ. ಆ ಶಾಟ್ ಹಾಕಲ್ಲ. ಬಾಗಿಲಿನ ಮೇಲ್ಪಟ್ಟಿ ಐದು ಅಡಿ ಎಂಟು ಇಂಚು, ನಾನು ಆರಡಿ. ಮೂರು ದಿನದಲ್ಲಿ ನಾಲ್ಕು ಸಲ.

ಮನೆ ಮಧ್ಯೆ ಆಕಾಶಕ್ಕೆ ತೆರೆದ ಒಂದು ಪುಟ್ಟ ತೋಟ, ತ್ಸುಬೊನಿವಾ. ಒಂದು ಕಲ್ಲಿನ ದೀಪ, ಪಾಚಿ, ಎರಡು ಜರೀಗಿಡ. ನಮ್ಮ ತೊಟ್ಟಿಮನೆಯ ತೊಟ್ಟಿ ಥರ, ಆದರೆ ಇಲ್ಲಿ ಯಾರೂ ಹಪ್ಪಳ ಒಣಗಿಸುವುದಿಲ್ಲ. ಸುಮ್ನೆ ಕೂತು ನೋಡುವುದಕ್ಕೆ. ಗಾಳಿ ಬೆಳಕಿಗೂ ಅದೇ ದಾರಿ.

ಸೆಕೆಗಾಲ ಶುರುವಾದರೆ ಈ ಮನೆಗಳ ಒಳಬಾಗಿಲುಗಳನ್ನೇ ಬಿಚ್ಚಿ ಬದಲಾಯಿಸುತ್ತಾರೆ. ಕಾಗದದ ಬಾಗಿಲು ಅಟ್ಟಕ್ಕೆ ಹೋಗುತ್ತದೆ, ಜೊಂಡುಕಡ್ಡಿಯ ಬಾಗಿಲು ಕೆಳಗಿಳಿಯುತ್ತದೆ. ತತಾಮಿ, ಅಂದರೆ ನೆಲಕ್ಕೆ ಹಾಸಿದ ದಪ್ಪ ಹುಲ್ಲುಚಾಪೆ, ಅದರ ಮೇಲೆ ಬೆತ್ತದ ಚಾಪೆ. ಬರಿಗಾಲಿಗೆ ತಣ್ಣಗೆ.

ಮಧ್ಯಾಹ್ನ ಮೂರು ಗಂಟೆಗೆ ಆ ಕಡ್ಡಿಗಳ ಸಂದಿಯಿಂದ ಚಾಪೆ ಮೇಲೆ ಬೆಳಕು ಗೆರೆಗೆರೆಯಾಗಿ ಬಿತ್ತು. ಉಳಿದ ಕೋಣೆಯೆಲ್ಲ ಕತ್ತಲು. ಕಪ್ಪು ಕತ್ತಲಲ್ಲ, ಹೊಗೆ ಹಿಡಿದ ತೊಲೆಯ ಬಣ್ಣದ ಕತ್ತಲು. ಫೋನ್ ತೆಗೆದೆ. ಫೋನು ತಕ್ಷಣ ಮೂಲೆಮೂಲೆಯನ್ನೂ ಬೆಳಗಿಸಿಬಿಟ್ಟಿತು, ಆಫೀಸಿನ ಥರ. ಕತ್ತಲಾದರೆ ಏನೋ ತಪ್ಪಾಗಿದೆ ಅಂತ ಅದಕ್ಕೆ ಕಲಿಸಿದ್ದಾರೆ. ಬೆರಳಲ್ಲಿ ಎಳೆದೆಳೆದು ಬೆಳಕು ಇಳಿಸಿ ತೆಗೆದದ್ದು ಇದು. ಹಳತರಲ್ಲಿ, ಕುಂದಿನಲ್ಲಿ ಅಂದ ಕಾಣುವುದಕ್ಕೆ ಹೇಳುವ ವಾಬಿ-ಸಾಬಿ ಅನ್ನುವ ಪದ ಈಗ ಮೋಂಬತ್ತಿ ಡಬ್ಬಿ ಮೇಲೂ ಸಿಗುತ್ತದೆ, ಹಾಗಾಗಿ ನಾನು ಹೇಳುವುದಿಲ್ಲ. ಸುಮ್ನೆ ಹತ್ತು ಸೆಕೆಂಡ್ ನೋಡಿ.

ಹೊರಗೆ ಬಂದರೆ ಬೇರೆ ಕ್ಯೋಟೋ. ದೂರದಲ್ಲಿ ಬಿಳಿ ಕಂಬದ ಹಾಗೆ ಕಾಣುವುದು ಕ್ಯೋಟೋ ಟವರ್, 131 ಮೀಟರ್. 1964ರದ್ದು. ಶಿಂಕಾನ್ಸೆನ್ ಬುಲೆಟ್ ಟ್ರೈನ್ ಓಡಲು ಶುರುವಾದ ವರ್ಷವೂ ಅದೇ, ಟೋಕಿಯೋ ಒಲಿಂಪಿಕ್ಸ್ ನಡೆದದ್ದೂ ಆಗಲೇ. ಊರಿನ ಅಂದ ಕೆಟ್ಟಿತು ಅಂತ ಆಗ ದೊಡ್ಡ ಗಲಾಟೆಯಾಗಿತ್ತು. ಈಗ ಅದರ ಕೀಚೈನ್ ಮಾರುತ್ತಾರೆ.

2007ರಲ್ಲಿ ನಗರಪಾಲಿಕೆ ಕಟ್ಟುನಿಟ್ಟು ಮಾಡಿತು. ಊರ ನಡುವೆ ಕಟ್ಟಡದ ಎತ್ತರದ ಮಿತಿ 45 ಮೀಟರಿನಿಂದ 31ಕ್ಕೆ ಇಳಿಯಿತು. ತಾರಸಿ ಮೇಲಿನ ಬೋರ್ಡುಗಳು, ಮಿನುಗುವ ಲೈಟುಗಳು ಬಂದ್. ಆದರೆ ಎತ್ತರ ಕಟ್ಟಿಹಾಕಿದರೆ ಮನೆ ಸಿಗುವುದು ಕಷ್ಟ. ಮಕ್ಕಳಿರುವ ಸಂಸಾರಗಳು ಪಕ್ಕದ ಊರುಗಳಿಗೆ ಹೊರಟವು. 2023ರಲ್ಲಿ ಸ್ಟೇಷನ್ನಿನ ದಕ್ಷಿಣ ಭಾಗವೂ ಸೇರಿ ಕೆಲವು ಕಡೆ ನಿಯಮ ಸಡಿಲಿಸಿದರು.

ಮಚಿಯಾಗಳ ಕಥೆಯೂ ಹಾಗೇ. ಪಾಲಿಕೆ 2016ರಲ್ಲಿ ಎಣಿಸಿದಾಗ ಸುಮಾರು 40 ಸಾವಿರ ಇದ್ದವು. ಅದಕ್ಕೂ ಹಿಂದಿನ ಏಳು ವರ್ಷದಲ್ಲಿ ದಿನಕ್ಕೆ ಹೆಚ್ಚುಕಮ್ಮಿ ಎರಡರಂತೆ ಹೋಗಿವೆ. ಈ ಕಂಬ ನೋಡಿ, ಸುಮ್ನೆ ಕಲ್ಲಿನ ಮೇಲೆ ಕೂತಿದೆ. ಭೂಕಂಪ, ಬೆಂಕಿ ನೆನೆದು 1950ರಲ್ಲಿ ಕಟ್ಟಡ ಕಾಯ್ದೆ ಬಂದ ಮೇಲೆ ಹಳೇ ಕ್ರಮದಲ್ಲೇ ಹೊಸ ಮನೆ ಕಟ್ಟುವುದು ಬಹಳ ಕಷ್ಟ. ಅಂದರೆ ಕೆಡವಿದ್ದು ಕೆಡವಿದ ಹಾಗೇ. ಯಜಮಾನರು ತೀರಿಕೊಂಡರೆ ಮಕ್ಕಳ ತಲೆ ಮೇಲೆ ವಾರಸುದಾರಿಕೆ ತೆರಿಗೆ. ರಿಪೇರಿ ಖರ್ಚು ಬೇರೆ. ಚಳಿಗಾಲದಲ್ಲಿ ಒಳಗೂ ಹೊರಗಿನಷ್ಟೇ ಥಂಡಿಯಂತೆ. ಮಾರುವವರನ್ನು ಬೈಯಲು ನಾನ್ಯಾರು? ಮೂರು ದಿನದ ನೆಂಟ. ರಾತ್ರಿ ನಾನೂ ಏಸಿ ಹಾಕಿಕೊಂಡೇ ಮಲಗಿದ್ದು. ಏಸಿ ಎಲ್ಲಿದೆ ಅಂತ ಹುಡುಕಬೇಡಿ, ಮರದ ಜಾಲರಿ ಹಿಂದೆ ಬಚ್ಚಿಟ್ಟಿದ್ದಾರೆ.

ಈ ಮನೆ ಉಳಿದಿರುವುದೇ ನನ್ನಂಥವರು ಬಾಡಿಗೆ ಕೊಡುವುದರಿಂದ. ಸರಿ. ಆದರೆ ಬಾಗಿಲಿಗೆ ನಂಬರ್ ಒತ್ತುವ ಬೀಗ, ಓನರ್ ಮುಖ ನೋಡಿಲ್ಲ. ದಿನಾ ಗುಡಿಸುವವರು ಇಲ್ಲಿ ಯಾರೂ ಇಲ್ಲ. ಅಜ್ಜಿಗೆ ಪಕ್ಕದ ಮನೆ ಇದೆ, ಪಕ್ಕದ ಮನೆಯವರು ಇಲ್ಲ.

ಕೊನೇ ದಿನ ಬೇಗ ಎದ್ದು, ಬಾಗಿಲ ಹಿಂದಿದ್ದ ಪೊರಕೆ ತೆಗೆದು ನಾನೇ ಗುಡಿಸಿದೆ. ಅಜ್ಜಿ ಮನೆ ಕಡೆಗೆ ಒಂದು ಪಾದ ಅಳೆದು ಅಷ್ಟೇ. ಅವರು ಹೊರಗೆ ಬಂದರು. ನೆಲ ನೋಡಿದರು, ನನ್ನನ್ನು ನೋಡಿದರು, ತಲೆ ಬಾಗಿಸಿ ನಕ್ಕರು. ನನ್ನ ಹಣೆಯ ಬುಗುಟು ನೋಡಿ ಇನ್ನೂ ಸ್ವಲ್ಪ ಜಾಸ್ತಿ ನಕ್ಕರು.

ಇದು ಕೊನೇ ಶಾಟ್, ಮೇಲಿನ ಕಿಟಕಿಯಿಂದ. ಅಜ್ಜಿ ಮನೆಯ ಆ ಕಡೆ ಈಗ ಕಾಸು ಹಾಕುವ ಪಾರ್ಕಿಂಗ್. ನಾಲ್ಕು ಕಾರು, ಒಂದು ವೆಂಡಿಂಗ್ ಮೆಷಿನ್. ಅಜ್ಜಿ ತಮ್ಮ ಮನೆ ಮುಂದೆ ಗುಡಿಸುತ್ತಾ ಆ ತುದಿಗೆ ಹೋದರು. ಬಿಳಿ ಗೆರೆ ದಾಟಿದರು. ಟಾರಿನ ಮೇಲೆ ಒಂದು ಅಡಿ ಗುಡಿಸಿ, ನಿಲ್ಲಿಸಿದರು.